ಮಹಾಪೂರದ ದೋಣಿಗೆ ವಿದ್ಯಾರ್ಥಿ ಸಿಬ್ಬಂದಿ: ರಜೆಯಲ್ಲಿ ತರಬೇತಿ, ಮಳೆಗಾಲದಲ್ಲಿ ಸೇವೆ

ಜುಲೈ ತಿಂಗಳು ಅರ್ಧ ಕಳೆಯಿತೆಂದರೆ ನಮ್ಮ ಭಾಗದ ವರ್ತಕರು ಪೇಟೆಯ ಧಾರಣೆಯ ಜೊತೆಗೆ ಇನ್ನೊಂದು ಲೆಕ್ಕವನ್ನೂ ದಿನಾಲು ನೋಡತೊಡಗುತ್ತಾರೆ. 105 ಟಿಎಂಸಿ ಸಾಮರ್ಥ್ಯದ ಕೊಯ್ನಾ ಜಲಾಶಯ ಎಷ್ಟು ತುಂಬಿದೆ, ರಾಜಾಪುರ ಬಾಂದಾರದಿಂದ ಎಷ್ಟು ಕ್ಯೂಸೆಕ್ ನೀರು ಹರಿದು ಬರುತ್ತಿದೆ, ದೂಧಗಂಗಾ ಮತ್ತು ವೇದಗಂಗಾ ನದಿಗಳ ಮಟ್ಟ ಎಷ್ಟು ಎಂಬುದೇ ಆ ಲೆಕ್ಕ. ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭೀವಶಿ, ಅಕ್ಕೋಳ-ಸಿದ್ನಾಳ ಬಾಂದಾರಗಳು ಒಂದೊಂದಾಗಿ ಮುಳುಗಿದ ಸುದ್ದಿ ಬರುತ್ತಲೇ ಸರಕು ಸಾಗಣೆಯ ದಾರಿ ಸುತ್ತು ಬಳಸಾಗುತ್ತದೆ. ಮಳೆ ಇನ್ನೂ ಹೆಚ್ಚಿದರೆ ದಾರಿಯೇ ಇಲ್ಲದಂತಾಗುತ್ತದೆ.

2005, 2019, 2021 ಮತ್ತು 2024ರ ಮಳೆಗಾಲಗಳನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಜನ ಮರೆತಿಲ್ಲ. 2019ರಲ್ಲಿಯೂ 2021ರಲ್ಲಿಯೂ ನಿಪ್ಪಾಣಿಯ ಸಮೀಪ ಯಮಗರ್ಣಿ ಬಳಿ ವೇದಗಂಗೆಯ ನೀರು ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಗೆ ನುಗ್ಗಿ ವಾಹನ ಸಂಚಾರ ಸ್ಥಗಿತವಾಗಿತ್ತು. ಅಂತಹ ದಿನಗಳಲ್ಲಿ ನದಿ ತೀರದ ತೋಟದ ವಸತಿಗಳಲ್ಲಿ ಸಿಕ್ಕಿಬಿದ್ದವರನ್ನು ಹೊರತರಲು ಇರುವ ಸಾಧನ ದೋಣಿಯೊಂದೇ. ದೋಣಿ ಇದ್ದರಷ್ಟೇ ಸಾಲದು, ಅದನ್ನು ನಡೆಸುವವರು ಯಾರು ಎಂಬುದು ಈ ಲೇಖನದ ಪ್ರಶ್ನೆ. ಕೆಲವು ದೇಶಗಳು ಈ ಕೆಲಸಕ್ಕೆ ಕಾಲೇಜು ವಿದ್ಯಾರ್ಥಿಗಳನ್ನು ಸಂಬಳ ಕೊಟ್ಟು ಋತುಮಾನದ ಮಟ್ಟಿಗೆ ನೇಮಿಸಿಕೊಳ್ಳುತ್ತವೆ. ಆ ಪದ್ಧತಿ ಹೇಗೆ ನಡೆಯುತ್ತದೆ, ನಮ್ಮ ನದಿಗೆ ಅದು ಹೊಂದುವುದೇ, ಹೊಂದಿಸಲು ವ್ಯಾಪಾರಸ್ಥರು ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದೋಣಿಗಿಂತ ಸಿಬ್ಬಂದಿ ಮುಖ್ಯ

ರಕ್ಷಣಾ ಕಾರ್ಯಕ್ಕೆ ಈಗ ಹೆಚ್ಚಾಗಿ ಬಳಸುವುದು ಗಾಳಿ ತುಂಬುವ ರಬ್ಬರ್ ಬೋಟು ಮತ್ತು ಅದರ ಹಿಂಬದಿಗೆ ಬಿಗಿಯುವ ಪೆಟ್ರೋಲ್ ಎಂಜಿನ್. ನೋಡಲು ಸರಳವಾದ ಈ ಸಾಧನ ಅನುಭವವಿಲ್ಲದ ಕೈಗೆ ಸಿಕ್ಕರೆ ಅಪಾಯಕಾರಿಯಾಗುತ್ತದೆ. ಮಹಾಪೂರದ ನೀರು ಕೆರೆಯ ನೀರಲ್ಲ. ಅದರ ಅಡಿಯಲ್ಲಿ ತಂತಿ ಬೇಲಿ, ಪಂಪ್‌ಸೆಟ್ಟಿನ ಕೊಳವೆ, ಮುರಿದ ಮರ, ಎತ್ತರಕ್ಕೆ ಬೆಳೆದ ಕಬ್ಬು ಇರುತ್ತವೆ. ಕಬ್ಬಿನ ರವದಿ ಎಂಜಿನ್ನಿನ ಪಂಖಕ್ಕೆ ಸುತ್ತಿಕೊಂಡರೆ ಎಂಜಿನ್ ನಿಲ್ಲುತ್ತದೆ; ಎಂಜಿನ್ ನಿಂತ ದೋಣಿಯನ್ನು ಸೆಳವು ತನಗೆ ಬೇಕಾದ ಕಡೆಗೆ ಒಯ್ಯುತ್ತದೆ. ಕೆಸರು ನೀರು ಎಂಜಿನ್ನನ್ನು ತಣಿಸುವ ನೀರಿನ ದಾರಿಯನ್ನು ಮುಚ್ಚುತ್ತದೆ. ಮುಳುಗಿದ ಬಾಂದಾರದ ಕೆಳಬದಿಯಲ್ಲಿ ನೀರು ಹಿಂದಕ್ಕೆ ಮಗುಚಿ ಸುಳಿಯುವುದರಿಂದ ಅಲ್ಲಿಗೆ ಹೋದ ದೋಣಿ ಹೊರಬರುವುದು ಬಹಳ ಕಷ್ಟ. ನೀರಿನ ಮಟ್ಟ ಏರಿದಾಗ ತಲೆಯ ಮೇಲಿದ್ದ ವಿದ್ಯುತ್ ತಂತಿ ಕೈಗೆ ತಾಗುವಷ್ಟು ಕೆಳಗೆ ಬಂದಂತಾಗುತ್ತದೆ.

ಇದಕ್ಕೆಲ್ಲ ನಿಯಮಗಳಿವೆ. ಲೈಫ್ ಜಾಕೆಟ್ ತೊಡದ ಯಾರನ್ನೂ ಹತ್ತಿಸಬಾರದು. ಎಣಿಕೆಗಿಂತ ಒಬ್ಬರನ್ನೂ ಹೆಚ್ಚು ಹತ್ತಿಸಬಾರದು. ನೀರಿನಲ್ಲಿರುವವನ ಬಳಿಗೆ ಸೆಳವಿಗೆ ಎದುರಾಗಿ, ಕೆಳಬದಿಯಿಂದ ನಿಧಾನವಾಗಿ ಹೋಗಬೇಕು. ದಡದಿಂದ ಹಗ್ಗ ಎಸೆದು ಎಳೆಯಬಹುದಾದರೆ ದೋಣಿಯನ್ನೇ ಇಳಿಸಬಾರದು. ಈ ನಿಯಮಗಳನ್ನು ಓದಿ ತಿಳಿಯುವುದು ಒಂದು ಗಂಟೆಯ ಕೆಲಸ. ಅಂಗಲಾಚುವ ಜನರ ಎದುರು ನಿಂತು ಅವುಗಳನ್ನು ಪಾಲಿಸಲು ಅನೇಕ ದಿನಗಳ ಅಭ್ಯಾಸ ಬೇಕು.

2019ರ ಆಗಸ್ಟ್ 8ರಂದು ನೆರೆಯ ಸಾಂಗ್ಲಿ ಜಿಲ್ಲೆಯ ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಊರಿನ ಜನರನ್ನು ಮಹಾಪೂರದಿಂದ ಹೊರತರುತ್ತಿದ್ದ ದೋಣಿಯೇ ಮಗುಚಿ, ಹೆಂಗಸರು ಮಕ್ಕಳು ಸೇರಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಲ್ಲಿ ದೋಣಿ ಇತ್ತು, ಸಹಾಯ ಮಾಡುವ ಮನಸ್ಸೂ ಇತ್ತು. ಆದರೆ ಒಳ್ಳೆಯ ಮನಸ್ಸು ತರಬೇತಿಯ ಸ್ಥಾನವನ್ನು ತುಂಬಲಾರದು. ಅದೇ ಕೃಷ್ಣೆಯ ಕೆಳಹರಿವಿನಲ್ಲಿರುವ ನಾವು ಈ ಪಾಠವನ್ನು ಕಲಿಯದಿದ್ದರೆ ಅದು ನಮ್ಮ ಊರಿನಲ್ಲಿಯೇ ಮರುಕಳಿಸಬಹುದು.

ಬೇರೆ ದೇಶಗಳ ಕ್ರಮ

ಕೆನಡಾ ದೇಶದ ಕರಾವಳಿ ರಕ್ಷಣಾ ಪಡೆಯು 1970ರ ದಶಕದಿಂದ ಒಂದು ಕಾರ್ಯಕ್ರಮವನ್ನು ನಡೆಸುತ್ತ ಬಂದಿದೆ. ಅಲ್ಲಿ ಬೇಸಿಗೆಯಲ್ಲಿ ವಿಹಾರದ ದೋಣಿಗಳು ಹೆಚ್ಚಾಗಿ, ಅಪಘಾತಗಳೂ ಹೆಚ್ಚುತ್ತವೆ. ವರ್ಷದ ಉಳಿದ ತಿಂಗಳುಗಳಲ್ಲಿ ಅಷ್ಟು ಸಿಬ್ಬಂದಿ ಬೇಕಾಗುವುದಿಲ್ಲ. ಆದ್ದರಿಂದ ಕಾಯಂ ನೌಕರರನ್ನು ಹೆಚ್ಚಿಸುವ ಬದಲು ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಬೇಸಿಗೆ ರಜೆಯ ಅವಧಿಗೆ ನೇಮಿಸಿಕೊಂಡು, ಮೊದಲು ತರಬೇತಿ ಕೊಟ್ಟು, ಸಮುದ್ರ ಮತ್ತು ದೊಡ್ಡ ಸರೋವರಗಳ ದಡದ ಠಾಣೆಗಳಿಗೆ ಕಳುಹಿಸಲಾಗುತ್ತದೆ. ಚಿಕ್ಕ ವೇಗದೋಣಿಗೆ ಮೂವರ ತಂಡ: ಒಬ್ಬ ನಾಯಕ, ಇಬ್ಬರು ಸಹಾಯಕರು. ಅವರು ಠಾಣೆಯಲ್ಲಿಯೇ ವಾಸಿಸುತ್ತಾರೆ. ಕರೆ ಬಂದೊಡನೆ ಹೊರಡುತ್ತಾರೆ. ಮೊದಲ ವರ್ಷ ಸಹಾಯಕನಾಗಿ ಬಂದವನು ಮುಂದಿನ ವರ್ಷಗಳಲ್ಲಿ ಅನುಭವ ಗಳಿಸಿ ನಾಯಕನಾಗಬಹುದು. 2018ರಲ್ಲಿ ಉತ್ತರ ಧ್ರುವ ಪ್ರದೇಶದ ರ‍್ಯಾಂಕಿನ್ ಇನ್ಲೆಟ್ ಎಂಬಲ್ಲಿ ಇಂತಹದೇ ಠಾಣೆ ತೆರೆದು, ಅಲ್ಲಿನ ಮೂಲನಿವಾಸಿ ಇನ್ಯೂಟ್ ಸಮುದಾಯದ ವಿದ್ಯಾರ್ಥಿಗಳಿಗೆ ಕೆಲಸ ಕೊಡಲಾಯಿತು. ಆ ನೀರನ್ನು ಚಿಕ್ಕಂದಿನಿಂದ ಬಲ್ಲವರು ಅವರೇ.

ಬ್ರಿಟನ್ನಿನಲ್ಲಿ 1824ರಲ್ಲಿ ಸ್ಥಾಪನೆಯಾದ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಸಂಸ್ಥೆಯು ಸಾರ್ವಜನಿಕರ ದೇಣಿಗೆಯಿಂದ ನಡೆಯುತ್ತದೆ. ಅದರ ದೋಣಿಗಳ ಸಿಬ್ಬಂದಿಯಲ್ಲಿ ಹೆಚ್ಚಿನವರು ಸ್ವಯಂಸೇವಕರು. ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವ ಇವರು ಕರೆ ಬಂದೊಡನೆ ಕೆಲಸ ಬಿಟ್ಟು ದೋಣಿಯ ಕಡೆಗೆ ಓಡುತ್ತಾರೆ. ಹಾಗೆ ಹೋಗಲು ಬಿಡುವವರು ಅವರ ಮಾಲೀಕರು, ಅಂದರೆ ನಮ್ಮ ನಿಮ್ಮಂತಹ ವ್ಯಾಪಾರಸ್ಥರು. ಕಡಲತೀರದ ಜೀವರಕ್ಷಕರನ್ನು ಮಾತ್ರ ಈ ಸಂಸ್ಥೆ 2001ರಿಂದ ಸಂಬಳ ಕೊಟ್ಟು ಬೇಸಿಗೆಗೆ ನೇಮಿಸುತ್ತಿದೆ. ಅವರಲ್ಲಿ ವಿದ್ಯಾರ್ಥಿಗಳು ಅನೇಕರು.

ಈ ಎರಡು ಉದಾಹರಣೆಗಳಿಂದ ತಿಳಿಯುವುದಿಷ್ಟು: ಕೆಲವೇ ತಿಂಗಳು ಇರುವ ಅಪಾಯಕ್ಕೆ ಕೆಲವೇ ತಿಂಗಳ ಸಿಬ್ಬಂದಿ ಸಾಕು, ಆದರೆ ಆ ಸಿಬ್ಬಂದಿ ಅಪಾಯ ಬರುವ ಮೊದಲೇ ಸಿದ್ಧವಾಗಿರಬೇಕು.

ನಮ್ಮಲ್ಲಿ ಈಗಿರುವ ವ್ಯವಸ್ಥೆ

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಆ ಕಾಯ್ದೆಯಡಿ 2006ರಲ್ಲಿ ರಚಿತವಾದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 10ನೆಯ ಬೆಟಾಲಿಯನ್ ಕರ್ನಾಟಕವನ್ನು ನೋಡಿಕೊಳ್ಳುತ್ತದೆ. ಅದರ ಕೇಂದ್ರವಿರುವುದು ಆಂಧ್ರಪ್ರದೇಶದ ವಿಜಯವಾಡದ ಬಳಿ. ಜಿಲ್ಲೆಗೆ ತಂಡವನ್ನು ಮುಂಚಿತವಾಗಿ ಕರೆಸಿಕೊಂಡರೂ ಒಂದೇ ದಿನ ಕಾಗವಾಡ ತಾಲೂಕಿನ ಜುಗೂಳ, ಚಿಕ್ಕೋಡಿ ತಾಲೂಕಿನ ಇಂಗಳಿ, ಅಥಣಿ ತಾಲೂಕಿನ ಹುಲಗಬಾಳಿ, ರಾಯಬಾಗ ತಾಲೂಕಿನ ಕುಡಚಿ ಎಲ್ಲ ಕಡೆಯಿಂದಲೂ ಕರೆ ಬಂದರೆ ತಂಡ ಎಷ್ಟು ಕಡೆ ಹೋಗಬಲ್ಲದು? ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಸಿಬ್ಬಂದಿ ಶ್ರಮಿಸುತ್ತಾರೆ. ಅವರ ಸಂಖ್ಯೆಗೂ ಮಿತಿಯಿದೆ. ಉಳಿದ ಅಂತರವನ್ನು ತುಂಬುವವರು ಊರಿನ ಅಂಬಿಗರು ಮತ್ತು ಈಜು ಬಲ್ಲ ಯುವಕರು. ಅವರಿಗೆ ಸಂಬಳವಿಲ್ಲ, ವಿಮೆಯಿಲ್ಲ, ಎಷ್ಟೋ ಸಲ ಲೈಫ್ ಜಾಕೆಟ್ ಕೂಡ ಇರುವುದಿಲ್ಲ.

ಈ ಕೊರತೆಯನ್ನು ಕೇಂದ್ರ ಸರ್ಕಾರವೂ ಗುರುತಿಸಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ‘ಆಪದ ಮಿತ್ರ’ ಯೋಜನೆಯನ್ನು ಪ್ರವಾಹಕ್ಕೆ ಗುರಿಯಾಗುವ 30 ಜಿಲ್ಲೆಗಳಲ್ಲಿ, ಜಿಲ್ಲೆಗೆ 200ರಂತೆ 6,000 ಸ್ವಯಂಸೇವಕರಿಗೆ ತರಬೇತಿ ನೀಡುವ ಗುರಿಯೊಂದಿಗೆ ಆರಂಭಿಸಿತು. ನಂತರ ಅದನ್ನು 350 ಜಿಲ್ಲೆಗಳಿಗೆ, ಒಂದು ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸಲಾಯಿತು. 18ರಿಂದ 40 ವರ್ಷದವರಿಗೆ 12 ದಿನಗಳ ತರಬೇತಿ ಮತ್ತು ತುರ್ತು ಸಲಕರಣೆಗಳ ಚೀಲ ಇದರಲ್ಲಿ ಸೇರಿವೆ. 2025ರಲ್ಲಿ ಬಂದ ‘ಯುವ ಆಪದ ಮಿತ್ರ’ ಯೋಜನೆಯು 470.50 ಕೋಟಿ ರೂಪಾಯಿ ವೆಚ್ಚದಲ್ಲಿ 315 ಜಿಲ್ಲೆಗಳ ಸುಮಾರು 2.37 ಲಕ್ಷ ಯುವಜನರನ್ನು ಎನ್‌ಸಿಸಿ, ಎನ್‌ಎಸ್‌ಎಸ್, ಸ್ಕೌಟ್ಸ್ ಮತ್ತು ಗೈಡ್ಸ್ ಮುಂತಾದ ಸಂಘಟನೆಗಳಿಂದ ಆರಿಸಿ ತರಬೇತಿ ಕೊಡಲು ಉದ್ದೇಶಿಸಿದೆ.

ತರಬೇತಿಯ ದಾರಿ ಹೀಗೆ ಸರ್ಕಾರದಿಂದಲೇ ತೆರೆದಿದೆ. ಆದರೆ ತರಬೇತಿ ಪಡೆದ ಯುವಕನು ಜುಲೈ ತಿಂಗಳಲ್ಲಿ ಎಲ್ಲಿರುತ್ತಾನೆ? ಪುಣೆಯಲ್ಲಿಯೋ ಕೊಲ್ಲಾಪುರದಲ್ಲಿಯೋ ದಿನಗೂಲಿಯ ಕೆಲಸಕ್ಕೆ ಹೋಗಿರಬಹುದು. ಪ್ರಮಾಣಪತ್ರ ಅವನನ್ನು ಊರಿನಲ್ಲಿ ಹಿಡಿದಿಡುವುದಿಲ್ಲ, ಸಂಬಳ ಹಿಡಿದಿಡಬಹುದು. ವ್ಯಾಪಾರಸ್ಥರ ಪಾತ್ರ ಬರುವುದು ಇಲ್ಲಿಯೇ.

ಪಂಚಾಂಗವನ್ನು ತಿರುಗಿಸಬೇಕು

ಕೆನಡಾದ ಪದ್ಧತಿಯನ್ನು ಇದ್ದಂತೆಯೇ ತರಲು ಬರುವುದಿಲ್ಲ. ಅಲ್ಲಿ ರಜೆಯೂ ಅಪಾಯದ ಕಾಲವೂ ಒಂದೇ. ನಮ್ಮಲ್ಲಿ ಬೇಸಿಗೆಯಲ್ಲಿ ಕೃಷ್ಣೆ ಬತ್ತಿರುತ್ತದೆ. ಮಹಾಪೂರ ಬರುವ ಜುಲೈ, ಆಗಸ್ಟ್ ತಿಂಗಳುಗಳು ಸಾಮಾನ್ಯವಾಗಿ ತರಗತಿಗಳು ನಡೆಯುವ ಕಾಲ. ಆದ್ದರಿಂದ ಕೆಲಸವನ್ನು ಎರಡು ಭಾಗ ಮಾಡಬೇಕು. ರಜೆಯಲ್ಲಿ ತರಬೇತಿ, ಮಳೆಗಾಲದಲ್ಲಿ ಕರೆ ಬಂದಾಗ ಸೇವೆ. ಕೊಯ್ನಾದಿಂದ ಬಿಟ್ಟ ನೀರು ನಮ್ಮ ಗಡಿ ಮುಟ್ಟಲು ಸಮಯ ಹಿಡಿಯುವುದರಿಂದ ಸಿಬ್ಬಂದಿಯನ್ನು ಕೂಡಿಸಲು ಸಾಮಾನ್ಯವಾಗಿ ಅವಕಾಶ ಸಿಗುತ್ತದೆ. ಮಹಾಪೂರದ ದಿನಗಳಲ್ಲಿ ತೀರದ ಶಾಲಾ ಕಾಲೇಜುಗಳಿಗೆ ರಜೆ ಘೋಷಣೆಯಾಗುವುದೂ ಉಂಟು. ಎನ್‌ಎಸ್‌ಎಸ್ ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕೆಂಬ ನಿಯಮವಿರುವುದರಿಂದ, ತರಬೇತಿಯ ಗಂಟೆಗಳನ್ನು ಅದರಲ್ಲಿ ಎಣಿಸುವಂತೆ ಕಾಲೇಜುಗಳನ್ನು ಕೇಳಿಕೊಳ್ಳಬಹುದು.

ಇನ್ನು ಕಲಿಸುವವರು ಯಾರು? ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ, ಮಂಗಳೂರು, ಕಾರವಾರಗಳ ಬೋಟುಗಳು ದಡ ಸೇರಿದಾಗಲೇ ನಮ್ಮ ನದಿ ಏರತೊಡಗುತ್ತದೆ. 2018ರ ಆಗಸ್ಟಿನಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಒಳನಾಡಿಗೆ ಬಂದು ಸಾವಿರಾರು ಜನರನ್ನು ಉಳಿಸಿದ್ದನ್ನು ದೇಶವೇ ನೋಡಿದೆ. ಅಲ್ಲಿನ ಸರ್ಕಾರವು ಇಂಧನದ ಜೊತೆಗೆ ಪ್ರತಿ ದೋಣಿಗೆ ದಿನಕ್ಕೆ 3,000 ರೂಪಾಯಿ ಕೊಡುವುದಾಗಿ ಘೋಷಿಸಿತ್ತು. ಎಂಜಿನ್ ಬಲ್ಲ ಕರಾವಳಿಯವರನ್ನು ಜೂನ್ ತಿಂಗಳ ಮರುತರಬೇತಿಗೆ ಕರೆಸಬಹುದು. ಆದರೆ ಕೃಷ್ಣೆಯ ಮಡು ಎಲ್ಲಿ, ಬಂಡೆ ಎಲ್ಲಿ ಎಂಬುದು ನಮ್ಮ ಅಂಬಿಗರಿಗೇ ಗೊತ್ತು. ಆದುದರಿಂದ ಪ್ರತಿ ದೋಣಿಯ ನಾಯಕನಾಗಿ ಅನುಭವಿ ಅಂಬಿಗ ಅಥವಾ ಅಗ್ನಿಶಾಮಕ ದಳದ ನಿವೃತ್ತ ಸಿಬ್ಬಂದಿ ಇರುವುದೇ ಲೇಸು. ವಿದ್ಯಾರ್ಥಿಗಳು ಅವರ ಕೈಕೆಳಗೆ ಒಂದೆರಡು ವರ್ಷ ದುಡಿದ ಮೇಲೆ ಹೊಣೆ ಹೊರಬಹುದು.

ಖರ್ಚಿನ ಅಂದಾಜು

ಲೆಕ್ಕವಿಲ್ಲದ ಯೋಜನೆಯನ್ನು ವ್ಯಾಪಾರಸ್ಥರು ನಂಬುವುದಿಲ್ಲ, ನಂಬಲೂಬಾರದು. ಕೆಳಗಿನ ದರಗಳು ಉದಾಹರಣೆಗೆ ಹಿಡಿದವು. ಆಯಾ ಊರಿನ ಕೂಲಿಯ ದರಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಒಂದು ತಾಲೂಕಿಗೆ ಎರಡು ದೋಣಿ, ದೋಣಿಗೆ ಮೂವರು, ದಿನಕ್ಕೆ ಎರಡು ಪಾಳಿ ಎಂದರೆ 12 ವಿದ್ಯಾರ್ಥಿಗಳು. ತರಬೇತಿಯ 15 ದಿನಗಳಿಗೆ ದಿನಕ್ಕೆ 500 ರೂಪಾಯಿಯಂತೆ 90,000. ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಊರು ಬಿಡದೆ ಸಿದ್ಧವಾಗಿರುವುದಕ್ಕೆ ತಿಂಗಳಿಗೆ 3,000ದಂತೆ 72,000. ನಿಜವಾಗಿ ದೋಣಿಯಲ್ಲಿ ಅಥವಾ ಠಾಣೆಯಲ್ಲಿ ದುಡಿಯುವ ದಿನಗಳು 20 ಎಂದು ಹಿಡಿದರೆ ದಿನಕ್ಕೆ 800ರಂತೆ 1,92,000. ವಿಮೆಯ ಬಾಬ್ತು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಜೀವನಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿಯಂತೆ 12 ಜನರಿಗೆ 5,472. ಒಟ್ಟು 3,59,472 ರೂಪಾಯಿ. ತಾಲೂಕಿನ 200 ವರ್ತಕರು ಮತ್ತು ಉದ್ಯಮಿಗಳು ಹಂಚಿಕೊಂಡರೆ ತಲೆಗೆ ವರ್ಷಕ್ಕೆ ಸುಮಾರು 1,800 ರೂಪಾಯಿ. ಅಂದರೆ ತಿಂಗಳಿಗೆ 150 ರೂಪಾಯಿ.

ಈ ಎರಡು ಸರ್ಕಾರಿ ವಿಮೆಗಳ ಮೊತ್ತ ತಲಾ 2 ಲಕ್ಷ ರೂಪಾಯಿ ಮಾತ್ರ. ಇಂತಹ ಅಪಾಯದ ಕೆಲಸಕ್ಕೆ ಅದು ಸಾಲದು. ದೋಣಿ ರಕ್ಷಣೆಯ ಕೆಲಸವನ್ನು ಸ್ಪಷ್ಟವಾಗಿ ಒಳಗೊಂಡ ಗುಂಪು ಅಪಘಾತ ವಿಮೆಯನ್ನು ಬೇರೆಯಾಗಿ ಮಾಡಿಸಬೇಕು. ನಾಯಕರ ಗೌರವಧನ, ಲೈಫ್ ಜಾಕೆಟ್, ಹಗ್ಗ, ಪೆಟ್ರೋಲುಗಳ ವೆಚ್ಚವೂ ಪ್ರತ್ಯೇಕ. ದೋಣಿ ಮತ್ತು ಎಂಜಿನ್ ಮಾತ್ರ ಜಿಲ್ಲಾಡಳಿತದ್ದೇ ಆಗಿರುವುದು ಸೂಕ್ತ. ಖಾಸಗಿ ದೋಣಿಯಾದರೆ ಅದರ ಸ್ಥಿತಿಗೆ ಹೊಣೆ ಯಾರದೆಂಬ ವಿವಾದ ಹುಟ್ಟುತ್ತದೆ.

ದೊಡ್ಡ ಕಂಪನಿಗಳಿಗೆ ಇನ್ನೊಂದು ದಾರಿಯಿದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ಸಾಮಾಜಿಕ ಹೊಣೆಗಾರಿಕೆಗೆ ಹಣ ತೆಗೆದಿಡಬೇಕಾದ ಕಂಪನಿಗಳು, 2019ರ ತಿದ್ದುಪಡಿಯ ನಂತರ ವಿಪತ್ತು ನಿರ್ವಹಣೆಗೂ ಆ ಹಣವನ್ನು ವಿನಿಯೋಗಿಸಬಹುದು. ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳಿಗೆ ಹಣಕ್ಕಿಂತಲೂ ಸುಲಭವಾಗಿ ಕೊಡಬಹುದಾದ ಕೊಡುಗೆ ಒಂದಿದೆ. ಮಳೆಗಾಲದಲ್ಲಿ ಕಬ್ಬು ನುರಿಸುವ ಹಂಗಾಮು ಇರುವುದಿಲ್ಲ. ಟ್ರ್ಯಾಕ್ಟರು, ಟ್ರೇಲರುಗಳಿಗೆ ಬಿಡುವಿರುತ್ತದೆ. ದೋಣಿ ಸಾಗಿಸಲು ಟ್ರೇಲರು, ಎಂಜಿನ್ ನೋಡಿಕೊಳ್ಳಲು ಒಬ್ಬ ಫಿಟ್ಟರ್, ಠಾಣೆಗೆ ಒಂದು ಕೋಣೆ ಕೊಟ್ಟರೆ ಅರ್ಧ ಕೆಲಸವಾದಂತೆ.

ವ್ಯಾಪಾರಕ್ಕೆ ಇದರಿಂದ ಬರುವುದೇನು

ನಿಪ್ಪಾಣಿಯ ತಂಬಾಕಿನ ಗೋದಾಮು, ಅಥಣಿಯ ಚಪ್ಪಲಿ ತಯಾರಕರ ಮನೆ, ಮಾನಕಾಪುರದ ಕಡೆಯ ವಿದ್ಯುತ್ ಮಗ್ಗ, ಉಗಾರದ ಅಂಗಡಿ, ಇವೆಲ್ಲವೂ ಸುತ್ತಲಿನ ಹಳ್ಳಿಗಳ ದುಡಿಯುವ ಕೈಗಳನ್ನೇ ನಂಬಿವೆ. ಮನೆಯವರು ನೀರಿನಲ್ಲಿ ಸಿಕ್ಕಿಬಿದ್ದಿರುವಾಗ ಯಾವ ಕೆಲಸಗಾರನೂ ಮಗ್ಗದ ಮುಂದೆ ಕೂರಲಾರನು. ಸರಕಿಗೆ ವಿಮೆ ಮಾಡಿಸಬಹುದು. ನಿಪುಣ ಕೆಲಸಗಾರ ಊರು ಬಿಟ್ಟು ಹೋದರೆ ಅದಕ್ಕೆ ವಿಮೆಯಿಲ್ಲ. ‘ಇಲ್ಲಿ ಅಪಾಯ ಬಂದರೆ ಅರ್ಧ ಗಂಟೆಯಲ್ಲಿ ದೋಣಿ ಬರುತ್ತದೆ’ ಎಂಬ ಭರವಸೆ ತೀರದ ಜನರಿಗೆ ಮೂಡಿದರೆ ಅವರು ಊರಿನಲ್ಲಿ ನಿಲ್ಲುತ್ತಾರೆ. ಮೇಲಾಗಿ ತುರ್ತು ಹೊತ್ತಿನಲ್ಲಿ ತಲೆ ಕೆಡಿಸಿಕೊಳ್ಳದೆ, ನಾಯಕನ ಮಾತು ಕೇಳಿ, ಎಂಜಿನ್ ರಿಪೇರಿ ಮಾಡಬಲ್ಲ ಪದವೀಧರನೊಬ್ಬ ನಾಳೆ ನಮ್ಮಲ್ಲಿಗೇ ಕೆಲಸ ಕೇಳಿಕೊಂಡು ಬಂದರೆ, ಅವನಿಗಿಂತ ಉತ್ತಮ ಮೇಲ್ವಿಚಾರಕ ಸಿಕ್ಕಾನೆ?

ಮೀರಬಾರದ ಗೆರೆಗಳು

ಯೋಜನೆ ಎಷ್ಟೇ ಒಳ್ಳೆಯದಾದರೂ ಕೆಲವು ಕಟ್ಟಳೆಗಳನ್ನು ಮೊದಲೇ ಬರೆದಿಡಬೇಕು.

ಒಂದು, 18 ವರ್ಷ ತುಂಬದವರನ್ನು ಯಾವ ಕಾರಣಕ್ಕೂ ಸೇರಿಸಿಕೊಳ್ಳಬಾರದು. ಎರಡು, ಈಜು ಪರೀಕ್ಷೆ ಮತ್ತು ವೈದ್ಯಕೀಯ ತಪಾಸಣೆ ಕಡ್ಡಾಯ. ಪೋಷಕರಿಗೆ ಕೆಲಸದ ಸ್ವರೂಪವನ್ನು ಮುಚ್ಚಿಡದೆ ತಿಳಿಸಬೇಕು. ಮೂರು, ರಾತ್ರಿಯ ಕಾರ್ಯಾಚರಣೆ ಮತ್ತು ಬಾಂದಾರದ ಹತ್ತಿರದ ಕಾರ್ಯಾಚರಣೆ ವಿದ್ಯಾರ್ಥಿಗಳ ಕೆಲಸವಲ್ಲ. ಅದು ಪಡೆಯವರ ಕೆಲಸ. ನಾಲ್ಕು, ತಹಶೀಲ್ದಾರರ ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ ಸೂಚನೆಯಿಲ್ಲದೆ ದೋಣಿ ನೀರಿಗಿಳಿಯಬಾರದು. ಜನರು ಕರೆ ಮಾಡಬೇಕಾದದ್ದು 112 ಅಥವಾ 1077ಕ್ಕೆ, ವಿದ್ಯಾರ್ಥಿಯ ಮೊಬೈಲಿಗಲ್ಲ. ಐದು, ‘ದೋಣಿ ಹೊರಡುವುದಿಲ್ಲ’ ಎನ್ನುವ ಅಧಿಕಾರ ನಾಯಕನಿಗಿರಬೇಕು. ಹಣ ಕೊಟ್ಟ ವರ್ತಕರಾಗಲಿ, ಊರಿನ ಮುಖಂಡರಾಗಲಿ ಅದನ್ನು ಪ್ರಶ್ನಿಸಬಾರದು. ತಮ್ಮ ಗೋದಾಮಿನ ಮಾಲನ್ನು ಹೊರತರಲು ಈ ದೋಣಿಯನ್ನು ಕೇಳಲೇಬಾರದು.

ಈ ಐದನ್ನು ಪಾಲಿಸಲಾಗದಿದ್ದರೆ ಯೋಜನೆಯನ್ನು ಆರಂಭಿಸದಿರುವುದೇ ಮೇಲು. ಇನ್ನೊಬ್ಬರ ಮಕ್ಕಳನ್ನು ನೀರಿಗೆ ಕಳುಹಿಸುವ ಹೊಣೆ ಸಣ್ಣದಲ್ಲ.

ಮೊದಲ ಹೆಜ್ಜೆ

ಐದೂ ತಾಲೂಕುಗಳಲ್ಲಿ ಒಮ್ಮೆಲೇ ಆರಂಭಿಸುವ ಅಗತ್ಯವಿಲ್ಲ. ಯಾವುದಾದರೂ ಒಂದು ತಾಲೂಕಿನ ವರ್ತಕರು ಮಳೆಗಾಲಕ್ಕೆ ಮುಂಚೆ ತಹಶೀಲ್ದಾರರು, ಅಗ್ನಿಶಾಮಕ ಅಧಿಕಾರಿಗಳು ಮತ್ತು ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಗಳೊಂದಿಗೆ ಒಂದು ಸಭೆ ಕರೆಯಲಿ. ತಾಲೂಕಿನಲ್ಲಿ ಕೆಲಸಕ್ಕೆ ಬರುವ ದೋಣಿಗಳೆಷ್ಟು, ಎಂಜಿನ್ನುಗಳೆಷ್ಟು, ಆಪದ ಮಿತ್ರ ತರಬೇತಿ ಪಡೆದವರು ಯಾರು, ಅವರು ಈಗ ಎಲ್ಲಿದ್ದಾರೆ ಎಂಬ ಪಟ್ಟಿ ತಯಾರಾಗಲಿ. ಆ ಪಟ್ಟಿಗೆ ಖರ್ಚೇನೂ ಇಲ್ಲ. ಅದನ್ನು ನೋಡಿದ ಮೇಲೆ ಮುಂದಿನ ದಾರಿ ತಾನಾಗಿ ಸ್ಪಷ್ಟವಾಗುವುದು.

ಅಂಗಡಿಗೆ ಬೀಗ, ಗೋದಾಮಿಗೆ ಕಾವಲು, ಮಾಲಿಗೆ ವಿಮೆ ಇವನ್ನು ನಾವು ಕಳ್ಳತನವಾಗಲಿ, ಬೆಂಕಿಯಾಗಲಿ ಸಂಭವಿಸುವ ಮೊದಲೇ ಮಾಡಿಕೊಳ್ಳುತ್ತೇವೆ. ಮಹಾಪೂರದ ದೋಣಿಯ ಸಿಬ್ಬಂದಿಯನ್ನೂ ಅದೇ ಲೆಕ್ಕದಲ್ಲಿ, ನದಿ ಶಾಂತವಾಗಿರುವಾಗಲೇ ಸಿದ್ಧಪಡಿಸಿಕೊಳ್ಳುವುದು ವಿವೇಕ. ಸದಸ್ಯ ಬಾಂಧವರು ಈ ಬಗ್ಗೆ ಯೋಚಿಸಿ ತಮ್ಮ ಅಭಿಪ್ರಾಯಗಳನ್ನು ಪತ್ರಿಕೆಗೆ ಬರೆಯಬೇಕೆಂದು ವಿನಂತಿ.